ಲಕ್ಷದ ಮೇಲೆ ಮೂರು ಪತ್ರೆ

ಮೊನ್ನೆ ಸಹೋದ್ಯೋಗಿಯೊಬ್ಬರು ಪ್ರಸಾದವೆಂದು ಕೈಗಿಟ್ಟ ಬಿಲ್ವಪತ್ರೆಯನ್ನು ಸುಮ್ಮನೆ ಬೆರಳಲ್ಲಿ ಹೊಸಕಿದೆ ನೋಡಿ, ಆ ವಾಸನೆಗೆ ಹೊನ್ನಾಳಿಯ ನಮ್ಮ ಎದುರುಮನೆ ಅವ್ವ ಕಣ್ಣ ಮುಂದೆ ಬಂದು ನಿಂತರು. ಎಷ್ಟು ವರ್ಷವಾಯಿತೋ... ಅವರ ಲೆಕ್ಕ ಮಾತ್ರ ನನಗಿನ್ನೂ ಬಗೆಹರಿದಿಲ್ಲ.

ಆಗ ನಾನು ಬಿ.ಎಸ್ಸಿ. ಓದುತ್ತಾ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿಬರುತ್ತಿದ್ದೆ. ಅವ್ವನ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟಿದ್ದರು. ಮನೆ ಪಾಲಾಗದಿರಲೆಂದು ಅವ್ವ ಶಿವನಿಗೆ ಲಕ್ಷ ಪತ್ರೆ ಏರಿಸುವ ಹರಕೆ ಹೊತ್ತರು. ಬರೀ ಲಕ್ಷವಾದರೆ ಎರಡು ಸಮಪಾಲಾಗುತ್ತದಲ್ಲ, ಅದು ಅಪಶಕುನ. ಮದುವೆಯ ಮುಯ್ಯಿಗೆ ಒಂದು ರೂಪಾಯಿ ಸೇರಿಸುವ ಹಾಗೆ ಇದಕ್ಕೂ ಮೇಲೊಂದು ಪತ್ರೆ.

"ಲೆಕ್ಕ ಓದೀಯಲ್ಲವ್ವ, ಇದನ್ನ ಯಾರಿಗೂ ಸಮ ಪಾಲು ಮಾಡಾಕೆ ಆಗಲ್ಲ, ಹೌದಿಲ್ಲೋ?" ಎಂದು ಕೇಳಿದರು.

ನಾನೋ ಮಹಾ ಜಾಣೆ! ಎರಡು, ಮೂರು, ಐದು, ಏಳರಿಂದ ಭಾಗಿಸಿ ನೋಡಿದೆ, ಹೋಗಲಿಲ್ಲ. ಹನ್ನೊಂದರಿಂದ ಸಲೀಸಾಗಿ ಹೋಗಿಬಿಟ್ಟಿತು. "ಹನ್ನೊಂದು ಜನ ಆದ್ರೆ ತಲೆಗೆ ಒಂಬತ್ತು ಸಾವಿರದ ತೊಂಬತ್ತೊಂದು ಬರ್ತಾವೆ ಅವ್ವ" ಎಂದೆ.

ಅವ್ವ ಬೆರಳು ಮಡಿಚಿ ಮನೆಮಂದಿಯನ್ನು ಎಣಿಸಿದರು. ಹತ್ತು ಜನ. ಕಿರಿ ಸೊಸೆ ಬೇರೆ ಬಸುರಿ. "ಅಯ್ಯೋ ಶಿವನೇ!" ಎಂದು ಕುಸಿದು ಕೂತರು.

ನನಗೆ ಅಳುವೇ ಬಂತು. ಲಕ್ಷದ ಎರಡು ಮತ್ತೆ ಸಮಸಂಖ್ಯೆ, ಹಾಗಾಗಿ ಲಕ್ಷದ ಮೂರನ್ನು ಹಿಡಿದು ಕೂತೆ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಭಾಗಿಸಿದ್ದೇ ಭಾಗಿಸಿದ್ದು. ಮುನ್ನೂರ ಹದಿಮೂರರವರೆಗಿನ ಅವಿಭಾಜ್ಯ ಸಂಖ್ಯೆಗಳಲ್ಲಿ ಒಂದಕ್ಕೂ ಅದು ಬಗ್ಗಲಿಲ್ಲ. ಅದರ ವರ್ಗಮೂಲ ಅಲ್ಲೇ ಆಸುಪಾಸಿನಲ್ಲಿ ಮುಗಿಯುವುದರಿಂದ ಮುಂದೆ ನೋಡುವ ಅಗತ್ಯವಿಲ್ಲ ಎನ್ನುವುದು ಗೊತ್ತಿತ್ತು. "ಇದು ಗಟ್ಟಿ ಐತೆ ಅವ್ವ" ಎಂದೆ. ಅವ್ವ ನನ್ನ ಕೆನ್ನೆ ಸವರಿ, ಇನ್ನೆರಡು ಪತ್ರೆ ಸೇರಿಸಿ ಹರಕೆ ತೀರಿಸಿದರು.

ಆದರೂ ಮನೆ ಪಾಲಾಯಿತು. ನಡುಮನೆಯಲ್ಲಿ ಅಡ್ಡಗೋಡೆ ಎದ್ದಿತು. ಅವ್ವ ಯಾರ ಕಡೆ ಇರಬೇಕು ಎಂದು ಪಂಚಾಯ್ತಿಗೆ ಕೂತ ಹಿರಿಯರು ಕೇಳಲೇ ಇಲ್ಲವೋ, ಕೇಳಿದಾಗ ಮಕ್ಕಳಿಬ್ಬರೂ ಸುಮ್ಮನಿದ್ದರೋ... ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂತೂ ಅವ್ವ ಜಗುಲಿಯ ಮೇಲೆ ಒಲೆ ಹೂಡಿದರು.

ನನಗೆ ತಲೆಬುಡ ತಿಳಿಯಲಿಲ್ಲ. "ಲೆಕ್ಕ ಸರಿಯಾಗೇ ಇತ್ತಲ್ಲ ಅವ್ವ, ಹೆಂಗೆ ಹಿಂಗಾತು?" ಎಂದು ಕೇಳಿಯೇಬಿಟ್ಟೆ.

"ಸರಿನೇ ಐತೆ ಬಿಡವ್ವ. ಇಬ್ಬರಿಗೆ ಹಂಚಿ ನೋಡು, ಒಂದು ಉಳಿತೈತೆ. ಅದು ನಾನೇ" ಎಂದರು.

ಅವ್ವ ಹೋಗಿ ಬಹಳ ಕಾಲವಾಯಿತು. ಈಗ ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅವಿಭಾಜ್ಯ ಎಂದರೆ ಭಾಗವಾಗದ ಸಂಖ್ಯೆ ಎಂದು ಹೇಳಹೋಗಿ ತಡವರಿಸುತ್ತೇನೆ. ಭಾಗವೇನೋ ಆಗುತ್ತದೆ, ಶೇಷ ಉಳಿಯುತ್ತದೆ, ಅಷ್ಟೇ ತಾನೇ? "ಶೇಷ ಏನ್ ಮಾಡ್ಬೇಕು ಟೀಚರ್?" ಎಂದು ಮಕ್ಕಳು ಕೇಳುತ್ತಾರೆ. ಪಕ್ಕಕ್ಕೆ ಬರೆದಿಡಿ ಎನ್ನಲು ನನಗೆ ಬಾಯೇ ಬರುವುದಿಲ್ಲ.