ಗಾಳಿಗೆ ಕಟ್ಟಿದ ದಮ್ಮು

ಸಿಂದಗಿಯ ಜಹೀರನಂಥ ಪುಕ್ಕಲು ಮನುಷ್ಯ ಈ ಕಸುಬಿಗೆ ಹೇಗೆ ಬಂದನೋ ದೇವರೇ ಬಲ್ಲ. ಎಮ್ಮೆ ಒದ್ದೀತೆಂಬ ಭಯ, ಬೈಕು ಜಾರೀತೆಂಬ ಭಯ. ಎಲ್ಲಕ್ಕಿಂತ ದೊಡ್ಡದು, ಕ್ಯಾನು ಬರಿದಾದೀತೆಂಬ ಭಯ. ಬೆದೆಗೆ ಬಂದ ಆಕಳು, ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಸೂಜಿ ಮಾಡುವುದು ಅವನ ಕೆಲಸ. ಒಳ್ಳೆಯ ತಳಿಯ ಹೋರಿ, ಕೋಣಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳು ಆ ಕ್ಯಾನಿನೊಳಗೆ ದ್ರವ ಸಾರಜನಕದಲ್ಲಿ ಮುಳುಗಿರುತ್ತವೆ. ಸಣ್ಣ ಕ್ಯಾನು ಬೈಕಿನ ಮೇಲೆ ಊರೂರು ತಿರುಗುತ್ತದೆ, ದೊಡ್ಡದು ಮನೆಯ ಪಡಸಾಲೆಯಲ್ಲಿರುತ್ತದೆ.

ಸಾರಜನಕವೆಂದರೆ ಬೇರೇನಲ್ಲ, ನಾವು ಉಸಿರಾಡುವ ಗಾಳಿಯ ದೊಡ್ಡ ಪಾಲು. ವಿಪರೀತ ಚಳಿಗೆ ಅದರ ಕಣಗಳು ಓಡಾಟ ಬಿಟ್ಟು, ಒಂದಕ್ಕೊಂದು ಒತ್ತಿಕೊಂಡು ನೀರಿನಂತಾಗುತ್ತವೆ. ಚೂರು ಬೆಚ್ಚಗಾಯಿತೋ, ಎದ್ದು ಮತ್ತೆ ದಿಕ್ಕುಗೆಟ್ಟು ಓಡುತ್ತವೆ. ಒಂದು ಲೋಟದಷ್ಟು ದ್ರವ ಗಾಳಿಯಾದರೆ ಪೀಪಾಯಿಯಷ್ಟು ಜಾಗ ಕೇಳುತ್ತದೆ. ಅದಕ್ಕೇ ಕ್ಯಾನಿನ ಮುಚ್ಚಳ ಸಡಿಲವಾಗಿರಬೇಕು, ದಿನವೂ ಒಂದಿಷ್ಟು ಹೊಗೆಯಾಗಿ ಹೋಗಲೇಬೇಕು. ತರಬೇತಿಯಲ್ಲಿ ಕಲಿತದ್ದು, ಜಹೀರನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಮನೆಯಲ್ಲಿ ಇದನ್ನೆಲ್ಲ ಯಾರಿಗೆ ಬಿಡಿಸಿ ಹೇಳುತ್ತಾನೆ? ಬೆಳಗಾದರೆ ಕ್ಯಾನಿನ ಮುಂದೆ ನಿಂತು ಒಂದೇ ಗೋಳು: “ಹೋತು ನೋಡಮ್ಮಾ, ಇವತ್ತೂ ಸೋರಿ ಹೋತು!”

ಆ ಗೋಳು ಕೇಳಿ ತಾಯಿ ಸೈದಾಬಿಯ ಕರುಳು ಚುರ್ ಎನ್ನುತ್ತಿತ್ತು. ಮದುವೆ ಅಡುಗೆಯಲ್ಲಿ ಆಕೆಯದು ಹೆಸರಾದ ಕೈ. ಕಣಕ ನಾದಿ ಮುಚ್ಚಳದ ಸುತ್ತ ಮೆತ್ತಿ ಆಕೆ ಬಿರಿಯಾನಿ ಹಂಡೆಗೆ ದಮ್ಮು ಕಟ್ಟಿದರೆ ಒಂದೆಳೆ ಹಬೆ ಹೊರಗೆ ಬಾರದು.

ಅಂದು ಜಹೀರ ದೇವರ ಹಿಪ್ಪರಗಿಯಲ್ಲಿ ಯಲ್ಲವ್ವನ ಎಮ್ಮೆಗೆ ಸೂಜಿ ಮಾಡಿ ಕೈ ತೊಳೆಯುತ್ತಿದ್ದ. ಫೋನು ಬಂತು, ತಾಯಿಯದು.

“ಜಹೀರಾ, ಇನ್ನ ಚಿಂತಿ ಬಿಡು. ಮುಂಜಾನಿ ನೀ ಹೋದ ಕೂಡ್ಲೆ ನಿನ್ನ ಕ್ಯಾನಿಗೆ ದಮ್ಮು ಕಟ್ಟೇನಿ. ಹಿಟ್ಟು ಬಿರ್ರನ ಕಲ್ಲಾಗೈತಿ ನೋಡು! ಮ್ಯಾಲೆ ರುಬ್ಬೂ ಒಳ್ಳಿನ ಗುಂಡೂ ಇಟ್ಟೇನಿ. ಒಂದ್ ಎಳಿ ಹೊಗಿ ಬರವಲ್ದು.”

ಜಹೀರ ಫೋನಿನಲ್ಲೇ ಕಿರುಚಿದ. “ಅಮ್ಮಾ, ಅದನ್ನ ಮುಟ್ಟಬ್ಯಾಡ! ಹೊರಗ ಬಾ! ಅದು ಒಡೀತೈತಿ!”

“ಯಾರು ಒಡೀತಾರ? ನಾ ಬಾಜೂಕ ಕುಂತೇನಲ್ಲ, ಯಾರನೂ ಹತ್ರ ಬರಗೊಡಾಂಗಿಲ್ಲ,” ಎಂದವಳೇ ಫೋನು ಇಟ್ಟುಬಿಟ್ಟಳು.

ಮತ್ತೆ ಹಚ್ಚಿದ, ಎತ್ತಲಿಲ್ಲ. ಪಕ್ಕದ ಮನೆಯ ಗುರುನಾಥನಿಗೆ ಹಚ್ಚಿದ, ಅವನು ವಿಜಯಪುರಕ್ಕೆ ಹೋಗಿದ್ದ. “ಯಾಕೋ ಸಾಬ, ಮುಖ ಹಿಂಗ್ಯಾಕ ಆತು?” ಎಂದು ಯಲ್ಲವ್ವ ಕೇಳುತ್ತಿದ್ದಳು, ಅವನ ಬೈಕು ಆಗಲೇ ರಸ್ತೆಗೆ ಬಿದ್ದಿತ್ತು.

ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರ್. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಹಾರ್ನ್ ಹೊಡೆದು ಹೊಡೆದು ಹೆಬ್ಬೆರಳು ನೋಯತೊಡಗಿತು. ಕಣ್ಣ ಮುಂದೆ ಕ್ಯಾನು ಒಂದೇ. ಒಳಗೆ ಕಣಗಳು ಒಂದೊಂದಾಗಿ ಎದ್ದು ಗೋಡೆಗೆ ಡಿಕ್ಕಿ ಹೊಡೆಯುತ್ತಿವೆ, ಹೊರಬೀಳಲು ಬಾಯಿಲ್ಲ, ಪಕ್ಕದಲ್ಲಿ ಅಮ್ಮ ಕಾವಲು ಕುಂತಿದ್ದಾಳೆ. ಆಕೆಗೆ ಒಂದು ಮಾತು, ಒಂದೇ ಒಂದು ಮಾತು ಬಿಡಿಸಿ ಹೇಳಿದ್ದರೆ! ಬೀಳುವ ಭಯ ಅಂದು ಅವನಿಗೆ ನೆನಪೇ ಆಗಲಿಲ್ಲ.

ಮನೆ ಮುಂದೆ ಬೈಕನ್ನು ಸ್ಟ್ಯಾಂಡ್ ಹಾಕದೆ ಬಿಟ್ಟು ಒಳಗೆ ನುಗ್ಗಿದ. ಸೈದಾಬಿ ಮಣೆಯ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಗ್ಗುಲಲ್ಲೇ ಕ್ಯಾನು. ಮುಚ್ಚಳದ ಸುತ್ತ ಕಣಕ ಬೆಳ್ಳಗೆ ಹೆಪ್ಪುಗಟ್ಟಿತ್ತು. ಜಹೀರ ಆಕೆಯ ರಟ್ಟೆ ಹಿಡಿದು ದರದರ ಎಳೆದುಕೊಂಡು ಅಂಗಳಕ್ಕೆ ಬಂದ. ಬೇಳೆಯೆಲ್ಲ ನೆಲದ ಪಾಲಾಯಿತು.

“ಹುಚ್ಚು ಹಿಡದೈತೇನೊ ನಿನಗ? ಬ್ಯಾಳಿ ಚೆಲ್ಲಿದೆಲ್ಲೊ!”

ಆಕೆಯ ಬೈಗಳು ಮುಗಿದಿರಲಿಲ್ಲ, ಒಳಗೆ ಢಂ ಎಂದಿತು. ಹಿಂದೆಯೇ ಕಟ್ಟಿಗೆ ಸೀಳಿದ ಸದ್ದು. ಬಿಳಿ ಹೊಗೆ ನೆಲ ಹಿಡಿದು ಹೊಸ್ತಿಲು ದಾಟಿ ಬಂದು, ಅಂಗಳದ ಬಿಸಿಲಿಗೆ ಕರಗಿ ಹೋಯಿತು.

ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಬಾಗಿಲಲ್ಲಿ ನಿಂತು ಇಣುಕಿದರು. ಮುಚ್ಚಳ ಹಾರಿ ಮಾಡಿನ ತಗಡು ತಗ್ಗಾಗಿತ್ತು. ಗುಂಡು ಬಂದು ಬಿದ್ದದ್ದು ಮಣೆಯ ಮೇಲೆ. ಮಣೆ ಎರಡು ಹೋಳು.

ಜಹೀರ ಕುಸಿದು ಕುಳಿತು, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಸೈದಾಬಿ ಗಾಬರಿಯಾಗಿ ಅವನ ತಲೆಯನ್ನು ತನ್ನ ಸೆರಗಿಗೆ ಒತ್ತಿಕೊಂಡಳು.

“ಅಳಬ್ಯಾಡೊ ನನ್ನಪ್ಪಾ. ತಪ್ಪಾತು ನಂದು. ಎಷ್ಟು ಹೋತೋ ಏನೊ... ಹೋಗಿದ್ದು ಗಾಳಿನ ಹೌದಲ್ಲೊ?”

ಜಹೀರ ಆಕೆಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಹೌದಮ್ಮಾ,” ಎಂದ. “ಗಾಳಿ ಅಷ್ಟ ಹೋತು.”