ಮಹೇಶನವ್ವ

ಇದನ್ನು ಹೇಳಬೇಕೆಂದುಕೊಂಡು ಇಪ್ಪತ್ತೈದು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಅರಸೀಕೆರೆ ಕಡೆಯ ನಮ್ಮೂರಿನವರು ಸಿಕ್ಕಾಗಲೆಲ್ಲ, ಘಟ್ಟದ ಮೇಲಿನ ಬಾಳು ಹೇಗೆ ಎಂದು ಕೇಳುತ್ತಾರೆ. ಚಳಿ, ಮಂಜು ಎಂದು ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ತೊಂಬತ್ತರ ದಶಕದ ನಡುವೆ ಮಾರನಹಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಬಂದೆ. ಆಳುಗಳ ಹಾಜರಿ ಬರೆಯುವ ಕೆಲಸ. ಹೆಂಡತಿಯನ್ನೂ ಕರೆತಂದೆ. ತಿಂಗಳು ತುಂಬಿರಲಿಲ್ಲ, ಒಂದು ಬೆಳಿಗ್ಗೆ ಸೀತಕ್ಕ ಎಂಬ ಆಳು ಹೆಂಗಸು ಲೈನಿನಿಂದ, ಅಂದರೆ ಕೆಲಸದವರ ಸಾಲುಮನೆಗಳಿಂದ, ಬಂದು ಬಾಗಿಲಲ್ಲಿ ನಿಂತಳು.

"ಮಹೇಶನವ್ವ ಒಳಗವ್ರಾ?"

"ಆ ಹೆಸರಿನೋರು ಯಾರೂ ಇಲ್ವಲ್ಲಮ್ಮ."

ಒಳಗಿನಿಂದ ನನ್ನ ಹೆಂಡತಿ, "ಬಂದೆ ಕಣಕ್ಕ!" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಟೇಬಿಟ್ಟಳು.

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನಮಗೆ ಮಕ್ಕಳಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. ತಲೆ ಎತ್ತದೆ ಹೇಳಿದಳು: "ಎಷ್ಟು ಮಕ್ಳು ಅಂದ್ರು. ಒಬ್ಬ ಮಗ, ಅಜ್ಜಿ ಮನೇಲಿ ಓದ್ತಾವ್ನೆ ಅಂದ್ಬುಟ್ಟೆ. ಬಾಯಿಗೆ ಬಂದ್ಬುಡ್ತು ಕಣ್ರೀ. ಯಾರಿಗೇನ್ ನಷ್ಟ?"

ಊರಿನಲ್ಲಿ ನಮ್ಮ ಮೂರು ತಲೆಮಾರು ಎಲ್ಲರಿಗೂ ಗೊತ್ತು. ಬಸುರಿಗೆ ಮಡಿಲು ತುಂಬುವ ಮನೆಗಳಲ್ಲಿ ಅವಳು ತಾನಾಗಿಯೇ ಗೋಡೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಇಲ್ಲಿ ನಾವು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಅದು ಅನಾಥತನ, ಅವಳಿಗೆ ಬಿಡುಗಡೆ. ಮುದ್ದೆ ಕಟ್ಟುತ್ತಿದ್ದ ಕೈ ಅಕ್ಕಿ ಕಡುಬು ಕಲಿಯಿತು. ನಾವು ಜಿಗಣೆ ಎನ್ನುವುದನ್ನು ಇಲ್ಲಿಯವರಂತೆ 'ಇಂಬಳ' ಎಂದಳು, ಕಚ್ಚಿದರೆ ಸುಣ್ಣ ಹಚ್ಚಿ ನಕ್ಕಳು. ಲೈನಿನಲ್ಲಿ ಅವಳು ಹೇಳುವ ಕಥೆಗಳಲ್ಲಿ ಮಹೇಶನಿಗೆ ಹಾಲುಹಲ್ಲು ಬಿತ್ತು, ಮಗ್ಗಿ ಬಂತು. ನಾನು ಕೇಳಿಯೂ ಕೇಳದವನಂತಿದ್ದೆ.

ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಹಾಜರಿ ಹೊತ್ತಿಗೆ ಸೀತಕ್ಕ ಎಲ್ಲ ಆಳುಗಳ ಮುಂದೆ ನನ್ನನ್ನು ಹಿಡಿದಳು.

"ಏನ್ರೀ ರೈಟರೇ, ರಜಕ್ಕೂ ಮಗನ್ನ ಕರ್ಕಂಡ್ ಬರಲ್ವಾ? ಎಂಥಾ ಅಪ್ಪ ಮಾರಾಯ್ರೆ ನೀವು! ಕೋಳಿಗಾದ್ರೂ ಮರಿ ಗ್ಯಾನ ಇರ್ತದೆ."

ಎಲ್ಲರೂ ನಕ್ಕರು. ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಹುಟ್ಟಿದ್ರೆ ತಾನೇ ಕರ್ಕಂಡ್ ಬರೋದು! ಅವಳ ಹೊಟ್ಟೇಲಿ ಒಂದು ಹುಳಾನೂ ಹುಟ್ಟಿಲ್ಲ."

ನಗು ನಿಂತುಹೋಯಿತು. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ನಾನು ಮನೆಯಲ್ಲಿ ಮರೆತುಬಂದಿದ್ದ ಕನ್ನಡಕ ಹಿಡಿದು ಅವಳು ನಿಂತಿದ್ದಳು.

ಲೈನಿನವರು ಯಾರೂ ಅವಳನ್ನು ಆಡಿಕೊಳ್ಳಲಿಲ್ಲ. ಸೀತಕ್ಕ ಮೂರು ದಿನ ಬಂದು, "ಬಾಗ್ಲು ತೆಗಿಯವ್ವ, ತಪ್ಪಾಯ್ತು ನಂದು" ಎಂದು ಕರೆದಳು. ನನ್ನ ತಪ್ಪಿಗೆ ಅವಳು ಕ್ಷಮೆ ಕೇಳುತ್ತಿದ್ದಳು. ಹೆಂಡತಿ ಬಾಗಿಲು ತೆಗೆಯಲಿಲ್ಲ. ತಲೆ ಬಾಚುವುದನ್ನು ಬಿಟ್ಟಳು. ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದವಳನ್ನು ಸೋಮಾರಿ ಎಂದು ಬೈದೆ. ಸೌದೆಯಂತೆ ಒಣಗಿದ ಮೇಲೆ ಸಕಲೇಶಪುರದ ಒಬ್ಬ ಡಾಕ್ಟರಿಗೆ ತೋರಿಸಿದೆ.

"ಇದು ಖಿನ್ನತೆ. ಜ್ವರದ ಹಾಗೆ ಇದೂ ಕಾಯಿಲೆಯೇ, ಬೈದರೆ ಹೋಗೋದಿಲ್ಲ" ಎಂದರು. ಆಮೇಲೆ, "ಮಕ್ಕಳಾಗದ್ದಕ್ಕೆ ಇಬ್ಬರದೂ ಪರೀಕ್ಷೆ ಆಗಿದೆಯಾ?" ಎಂದು ಕೇಳಿದರು.

ಅವಳದು ಮೂರು ಸಲ ಆಗಿತ್ತು, ದೋಷವೇನೂ ಸಿಕ್ಕಿರಲಿಲ್ಲ. ನನ್ನದು ಆಗಿರಲಿಲ್ಲ. ಆಮೇಲೂ ಮಾಡಿಸಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ, "ಊರಿಗೇ ಹೋಗ್ಬುಡನಾ?" ಎಂದೆ.

"ಅಲ್ಲಿ ಬಂಜೆ, ಇಲ್ಲಿ ಸುಳ್ಳುಬುರುಕಿ. ಎಲ್ಲಿಗಂತ ಹೋಗ್ಲಿ?"

ಈಗ ಊರಿಗೂ ಎಸ್ಟೇಟಿಗೂ ನಡುವಿನ ಬಾಳ್ಳುಪೇಟೆಯಲ್ಲಿದ್ದೇವೆ. ಗುಳಿಗೆ ಹಿಡಿಸಿತು. ಅಡುಗೆ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆ ಎರಡು ವರ್ಷ ನಕ್ಕ ಹಾಗೆ ಮತ್ತೆ ನಕ್ಕಿಲ್ಲ. ಅರಸೀಕೆರೆಗೆ ಹೋದರೆ ನಾವು ಘಟ್ಟದವರು, ಇಲ್ಲಿ ಇನ್ನೂ ಬಯಲುಸೀಮೆಯವರು. ಮನೆ ಮುಂದೆ ಎರಡೂ ದಿಕ್ಕಿಗೆ ಬಸ್ಸುಗಳು ಓಡಾಡುತ್ತವೆ, ಹತ್ತುವ ಮನಸ್ಸಾಗುವುದಿಲ್ಲ. ಪ್ರತಿ ಬೆಳಿಗ್ಗೆ 'ತಪ್ಪಾಯ್ತು' ಎನ್ನಲು ಬಾಯಿ ತೆರೆಯುತ್ತೇನೆ. "ಕಾಫಿ ಆಯ್ತಾ?" ಎಂಬ ಮಾತು ಹೊರಬರುತ್ತದೆ.

ಮದುವೆಯಾದ ದಿನದಿಂದ ನಾನು ಅವಳನ್ನು 'ಏಯ್' ಎಂದೇ ಕರೆದಿದ್ದೇನೆ. ಅವಳಿಗೆ ಓದಲು ಬರುತ್ತದೆ. ಇದೆಲ್ಲ ಬರೆದ ಈ ಹಾಳೆಯನ್ನು ಅವಳ ಕಾಫಿ ಲೋಟದ ಪಕ್ಕ ಇಡುತ್ತೇನೆ. ಇಷ್ಟು ವರ್ಷ ನಾನು ಯಾರ ಕ್ಷಮೆ ಕೇಳಲಿಲ್ಲವೋ ಅವಳ ಹೆಸರು ಸರ್ವಮಂಗಳ.