ಬೇಲಿಯಾಚೆಯ ಬೀಡಿ

ಮನೋಳಿಯ ಖಾಸಿಮಸಾಬ ಬಾಗವಾನ ಮಾವಿನ ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಅವನು ಕಟ್ಟಿದ ಕಡ್ಡಿ ಒಣಗಿದ್ದನ್ನು ಕಂಡವರಿಲ್ಲ ಎಂದು ಊರು ಹೇಳುತ್ತದೆ. ತುಸು ಉಬ್ಬಿಸಿಯೇ ಹೇಳುತ್ತದೆ ಅನ್ನಿ. ಹೊಸ ಕಸಿಯ ಹತ್ತಿರ ಬೀಡಿಯ ಹೊಗೆ ಸುಳಿಯಬಾರದು ಎಂಬುದು ಅವನ ಅಪ್ಪ ಹಾಕಿದ ಕಟ್ಟಳೆ. ಹಾಗೆಂದು ಇವನೇನು ಬೀಡಿ ಬಿಟ್ಟಿರಲಿಲ್ಲ. ದಿನಕ್ಕೆ ಎರಡು ಕಟ್ಟು, ಎಲ್ಲವೂ ಬೇಲಿಯಾಚೆ ನಿಂತು.

ಹೀಗಿರುವಾಗ ಒಮ್ಮೆ, ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಆಮೇಲೆ ಹೆಬ್ಬೆರಳಿಗೆ ಹುಣ್ಣಾಯಿತು, ಮಾಯಲಿಲ್ಲ. ರಕ್ತನಾಳ ಕಟ್ಟಿದೆ, ಪಾದ ತೆಗೆಯಬೇಕಾದೀತು ಎಂದರು ಮೊದಲು ನೋಡಿದ ಡಾಕ್ಟರು. ಮರ ಹತ್ತಿ ಕಡ್ಡಿ ಆರಿಸುವವನಿಗೆ ಪಾದವೇ ಹೋದರೆ ಉಳಿಯುವುದೇನು? ಖಾಸಿಮಸಾಬ ಅತ್ತುಬಿಟ್ಟ.

ಬೆಳಗಾವಿಯ ಡಾಕ್ಟರ್ ಬಾಯಿ ಇನ್ನೊಂದು ದಾರಿ ತೋರಿಸಿದರು. "ಕಾಂಡಕೋಶದ ಇಂಜೆಕ್ಷನ್ ಕೊಟ್ಟು ನೋಡೂಣ್ರಿ."

"ಕಾಂಡ ಅಂದ್ರ ಯಾವ ಗಿಡದ್ದರಿ ಬಾಯಾರ?"

ಅವರು ನಕ್ಕರು. "ಗಿಡದ್ದಲ್ರಿ, ಮನಷ್ಯಾರದು. ಬ್ಯಾರೆಯವರ ಎಲುಬಿನ ಮಜ್ಜಿಯಿಂದ ತಗದು ಬೆಳಸಿದ್ದು. ಮೀನಖಂಡಕ್ಕ ಚುಚ್ಚತೇವಿ. ಹೊಸಾ ಸಣ್ಣ ನಾಳ ಒಡದ್ರ ಪಾದ ಉಳೀತೈತಿ, ಖಾತ್ರಿ ಮಾತ್ರ ಕೊಡಾಕ ಬರೂದಿಲ್ಲ. ಬೀಡಿ ಸೇದಿದ್ರಂತೂ ನೀರಾಗ ಹೋಮ ಮಾಡಿದಂಗ."

"ಹಂಗಾದ್ರ ಇದೂ ಕಸಿನ ಆತಲ್ರಿ" ಎಂದ ಖಾಸಿಮಸಾಬ. ಬೇರೆಯವರ ಕಡ್ಡಿ, ತನ್ನ ಬೇರು. ಅವನಿಗೆ ಧೈರ್ಯ ಬಂತು.

ಧೈರ್ಯ ಬಂದರೂ ಚಟ ಹೋಗಬೇಕಲ್ಲ. ಇಂಜೆಕ್ಷನ್ ಮುಗಿಸಿ ಮನೆಗೆ ಬಂದವನೇ ಕಡ್ಡಿಪೆಟ್ಟಿಗೆ ಹಿಡಿದು, ಕುಂಟುತ್ತ ಬೇಲಿಯ ಕಡೆ ಹೊರಟ. ಹೆಂಡತಿ ಕಾಶಿಂಬಿ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಎಲ್ಲಿಗರಿ?"

"ಬೇಲಿ ಆಚಿಗೆ. ಕಸಿಗೆ ಹೊಗಿ ತಾಕಬಾರದಲ್ಲ."

"ಹಂಗಾದ್ರ ಆ ಕಾಲು ಇಲ್ಲೇ ಇಟ್ಟು ಹೋಗ್ರಿ."

ಖಾಸಿಮಸಾಬ ತನ್ನ ಕಾಲನ್ನೇ ನೋಡುತ್ತ ನಿಂತ. ಡಾಕ್ಟರರ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗಿತ್ತು, ಇದು ನಾಟಿತು. ಕಡ್ಡಿಪೆಟ್ಟಿಗೆಯನ್ನು ಒಲೆಯ ಹತ್ತಿರ ಇಟ್ಟು ಬಂದ. ಮುಂದೆ ಒಂದು ತಿಂಗಳು ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದ, ಕಾಶಿಂಬಿ ಸಹಿಸಿಕೊಂಡಳು.

ಐದು ತಿಂಗಳಿಗೆ ಹುಣ್ಣು ಮಾಯಿತು. ಪಾದ ಉಳಿಯಿತು.

ಮೊನ್ನೆ ಗೆಳೆಯ ಬಸಯ್ಯ ಸಸಿ ಒಯ್ಯಲು ಬಂದು ಬೀಡಿ ತೆಗೆದ. "ಬಾರೋ ಸಾಬ, ಬೇಲಿ ಆಚಿಗೆ ಹೋಗಿ ಒಂದ್ ಜುರಕಿ ಎಳ್ಯೂಣು."

"ನೀವು ಹೋಗಿ ಬರ್ರಿ ಅಯ್ಯಾರ" ಎಂದ ಖಾಸಿಮಸಾಬ, ಕಾಲು ಚಾಚಿ ಆರಾಮಾಗಿ ಕೂತು. "ನಾ ಎಲ್ಲಿಗೆ ಹೋದ್ರೂ ಕಸಿ ನನ್ನ ಸಂಗಾಟನ ಬರತೈತಿ."